ಫ್ಲಟರ್ ಬರುತ್ತದೆ, ಮೊಬೈಲ್ ಬರುತ್ತದೆಯೇ?

ಕ್ರಾಸ್-ಪ್ಲಾಟ್‌ಫಾರಂ ಆಪ್, ಅಂದರೆ ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಓಎಸ್ ಎರಡರಲ್ಲೂ ಓಡುವ ಆಪ್, ಕಟ್ಟುವ ಕೆಲಸದಲ್ಲಿ ಮೊದಲ ಹಂತ ಬೇಗ ದಾಟಿಬಿಡುತ್ತೇವೆ. ಲಾಗಿನ್ ಪರದೆ, ಒಂದು ಪಟ್ಟಿ, ಸರ್ವರ್‌ನಿಂದ ಡೇಟಾ ತರುವುದು, ಸ್ಟೇಟ್ (ಆಪ್ ಆ ಕ್ಷಣಕ್ಕೆ ನೆನಪಿಟ್ಟುಕೊಂಡಿರುವ ಮಾಹಿತಿ) ನೋಡಿಕೊಳ್ಳಲು ಒಂದು ಪ್ಯಾಕೇಜು. ಇಷ್ಟು ಕೈಗೆ ಹತ್ತಿದರೆ ಆಪ್ ಎದ್ದು ನಿಲ್ಲುತ್ತದೆ. ಆಮೇಲೆ ಬಹಳ ಜನ ಅದೇ ಜಾಗದಲ್ಲಿ ವರ್ಷಗಟ್ಟಲೆ ಸುತ್ತುತ್ತಾರೆ: ಹೊಸ ಪ್ಯಾಕೇಜು, ಹೊಸ ಆರ್ಕಿಟೆಕ್ಚರಿನ ಹೆಸರು, ಮತ್ತೆ ಅದೇ ಲಾಗಿನ್ ಪರದೆ. ನನ್ನ ಕೆಲಸದ ಮಟ್ಟ ಏರಿದ್ದು ಫ್ರೇಮ್‌ವರ್ಕಿನ ಅಡಿಯಲ್ಲಿರುವ ಆಂಡ್ರಾಯ್ಡ್ ಮತ್ತು ಐಓಎಸ್ ಏನು ಮಾಡುತ್ತವೆ ಎಂದು ಓದತೊಡಗಿದ ಮೇಲೆ. ಆ ಓದನ್ನು ಹೇಗೆ ಮಾಡಿದೆ, ಯಾವುದು ಕೆಲಸಕ್ಕೆ ಬಂತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಿನವು ಗೂಗಲ್‌ನ ಫ್ರೇಮ್‌ವರ್ಕ್ ಆದ ಫ್ಲಟರ್‌ನವು (ಅದರ ಕೋಡನ್ನು ಡಾರ್ಟ್ ಭಾಷೆಯಲ್ಲಿ ಬರೆಯುತ್ತೇವೆ), ಏಕೆಂದರೆ ನಾನು ದಿನಾ ಮುಟ್ಟುವುದು ಅದನ್ನೇ.

ಯಾವ ಫ್ರೇಮ್‌ವರ್ಕ್ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಲಿಲ್ಲ. ಈ ಕ್ಷೇತ್ರದಲ್ಲಿ ಉಪಕರಣಗಳು ಬಂದು ಹೋಗುತ್ತವೆ. ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಇದ್ದ ಫೋನ್‌ಗ್ಯಾಪ್ ಅನ್ನು ಅಡೋಬಿ 2020ರಲ್ಲಿ ನಿಲ್ಲಿಸಿತು. ಜಮಾರಿನ್‌ಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2024ರ ಮೇ ತಿಂಗಳಲ್ಲಿ ಮುಗಿಯಿತು. ರಿಯಾಕ್ಟ್ ನೇಟಿವ್ 2015ರಲ್ಲಿ ಬಂದದ್ದು, ಫ್ಲಟರ್ 1.0 ಬಂದದ್ದು 2018ರ ಡಿಸೆಂಬರ್‌ನಲ್ಲಿ, ಕಾಟ್ಲಿನ್ ಮಲ್ಟಿಪ್ಲಾಟ್‌ಫಾರಂ 2023ರಲ್ಲಿ ಸ್ಥಿರ ಎನಿಸಿಕೊಂಡಿತು. ಇವುಗಳಲ್ಲಿ ಒಂದನ್ನು ಹಿಡಿದು ತಳದವರೆಗೆ ಇಳಿದರೆ ಉಳಿದವನ್ನು ಓದಿ ಅರ್ಥ ಮಾಡಿಕೊಳ್ಳಬಹುದು. ಮೂರರಲ್ಲೂ ಮೇಲೆ ಮೇಲೆ ತೇಲಿದರೆ ಯಾವುದೂ ದಕ್ಕುವುದಿಲ್ಲ.

ಒಂದು ಭೇದವನ್ನು ಮಾತ್ರ ಮೊದಲೇ ಸ್ಪಷ್ಟ ಮಾಡಿಕೊಂಡೆ. ರಿಯಾಕ್ಟ್ ನೇಟಿವ್ ಆಯಾ ಪ್ಲಾಟ್‌ಫಾರಂನ ಸ್ವಂತ ಬಟನ್ನು, ಸ್ವಂತ ಪಠ್ಯಪೆಟ್ಟಿಗೆಗಳನ್ನೇ ಪರದೆಯ ಮೇಲೆ ಇಡಿಸುತ್ತದೆ. ಫ್ಲಟರ್ ಒಂದು ಖಾಲಿ ಕ್ಯಾನ್ವಾಸ್ ಪಡೆದು ಪ್ರತಿ ಪಿಕ್ಸೆಲ್ಲನ್ನೂ ತಾನೇ ಬಿಡಿಸುತ್ತದೆ. ದಿನನಿತ್ಯದ ಎಷ್ಟೋ ಗೊಂದಲಗಳಿಗೆ ಉತ್ತರ ಇದರಲ್ಲೇ ಇದೆ. 2025ರಲ್ಲಿ ಐಓಎಸ್ 26 ಗಾಜಿನಂಥ ಹೊಸ ರೂಪ ತಂದಾಗ ಫ್ಲಟರ್ ಆಪ್‌ಗಳ ಮೇಲೆ ಆ ರೂಪ ತಾನಾಗಿ ಏಕೆ ಬರಲಿಲ್ಲ? ಅಲ್ಲಿರುವುದು ಆಪಲ್‌ನ ಬಟನ್ ಅಲ್ಲ, ಅದರಂತೆ ಬಿಡಿಸಿದ ಚಿತ್ರ. ರಿಯಾಕ್ಟ್ ನೇಟಿವ್‌ನಲ್ಲಿ ಒಂದೇ ಕೋಡು ಎರಡು ಫೋನಿನಲ್ಲಿ ಏಕೆ ಬೇರೆ ಬೇರೆ ಕಾಣುತ್ತದೆ? ಅಲ್ಲಿರುವುದು ನಿಜಕ್ಕೂ ಎರಡು ಬೇರೆ ಬಟನ್‌ಗಳು.

ಲೇಔಟ್: ಊಹಿಸುವುದನ್ನು ಬಿಟ್ಟದ್ದು

ಫ್ಲಟರ್ ಕಲಿತವರೆಲ್ಲ ಕಾಲಂ (ವಿಜೆಟ್‌ಗಳನ್ನು, ಅಂದರೆ ಪರದೆಯ ಘಟಕಗಳನ್ನು, ಒಂದರ ಕೆಳಗೊಂದು ಜೋಡಿಸುವುದು) ಒಳಗೆ ಲಿಸ್ಟ್‌ವ್ಯೂ (ಸರಿಸಿ ನೋಡುವ ಪಟ್ಟಿ) ಇಟ್ಟು, ಎತ್ತರಕ್ಕೆ ಮಿತಿಯೇ ಇಲ್ಲ ಎಂಬ ಕೆಂಪು ದೋಷವನ್ನು ಕಂಡವರೇ. ಹುಡುಕಿದರೆ ಸಿಗುವ ಉತ್ತರಗಳು ಎರಡು: ಎಕ್ಸ್‌ಪಾಂಡೆಡ್ ಹಾಕಿ, ಇಲ್ಲವೇ ಶ್ರಿಂಕ್‌ರ್‍ಯಾಪ್ ಅನ್ನು ಟ್ರೂ ಮಾಡಿ. ಎರಡರಲ್ಲೂ ದೋಷ ಹೋಗುತ್ತದೆ. ಆದರೆ ಎರಡೂ ಒಂದೇ ಅಲ್ಲ.

ನಿಯಮ ಸರಳವಾಗಿದೆ. ನಿರ್ಬಂಧಗಳು ಮೇಲಿನಿಂದ ಕೆಳಗಿಳಿಯುತ್ತವೆ, ಅಳತೆಗಳು ಕೆಳಗಿನಿಂದ ಮೇಲೇರುತ್ತವೆ, ಮಗು (ಒಳಗಿನ ವಿಜೆಟ್) ಎಲ್ಲಿ ಕೂರಬೇಕೆಂದು ಪೇರೆಂಟ್ (ಅದನ್ನು ಹೊತ್ತ ಹೊರಗಿನ ವಿಜೆಟ್) ತೀರ್ಮಾನಿಸುತ್ತದೆ. ಕಾಲಂ ತನ್ನ ಮಕ್ಕಳಿಗೆ "ಎತ್ತರ ಎಷ್ಟಾದರೂ ತಗೊಳ್ಳಿ" ಎನ್ನುತ್ತದೆ. ಲಿಸ್ಟ್‌ವ್ಯೂ "ಎಷ್ಟು ಕೊಡುತ್ತೀಯೋ ಅಷ್ಟನ್ನೂ ತುಂಬುತ್ತೇನೆ" ಎನ್ನುವ ಸ್ವಭಾವದ್ದು. ಎರಡೂ ಸೇರಿದರೆ ಉತ್ತರ ಅನಂತ. ಎಕ್ಸ್‌ಪಾಂಡೆಡ್ ಇಲ್ಲಿ ಉಳಿದ ಎತ್ತರವನ್ನು ಲೆಕ್ಕ ಹಾಕಿ ಒಂದು ಮಿತಿ ಕೊಡುತ್ತದೆ. ಶ್ರಿಂಕ್‌ರ್‍ಯಾಪ್ ಮಿತಿ ಕೊಡುವುದಿಲ್ಲ. ಪಟ್ಟಿಯ ಎತ್ತರ ತಿಳಿಯಲು ಅದರ ಎಲ್ಲ ಸಾಲುಗಳನ್ನೂ ಅಳೆಸುತ್ತದೆ. ಹತ್ತು ಸಾಲಿದ್ದರೆ ತೊಂದರೆಯಿಲ್ಲ. ಸಾವಿರ ಸಾಲಿದ್ದರೆ, ಕಣ್ಣಿಗೆ ಕಾಣುವಷ್ಟನ್ನೇ ಕಟ್ಟುವ ಲಿಸ್ಟ್‌ವ್ಯೂನ ಸೋಮಾರಿ ಗುಣವನ್ನೇ ಕೊಂದಂತೆ.

ಇದನ್ನು ಓದಿ ತಿಳಿದದ್ದಕ್ಕಿಂತ ಕೈಯಾರೆ ಮಾಡಿ ತಿಳಿದದ್ದು ಹೆಚ್ಚು. ಸಾಲು ತುಂಬಿದರೆ ಮುಂದಿನ ಸಾಲಿಗೆ ಇಳಿಯುವ ಟ್ಯಾಗ್‌ಗಳ ಲೇಔಟನ್ನು ಸಿದ್ಧ ವಿಜೆಟ್ ಬಳಸದೆ, ಅಳೆದು ಬಿಡಿಸುವ ಕೆಲಸ ಮಾಡುವ ರೆಂಡರ್‌ಆಬ್ಜೆಕ್ಟನ್ನು ನಾನೇ ಬರೆದು ಕಟ್ಟಿದೆ. ಮಕ್ಕಳನ್ನು ಅಳೆಯುವುದು, ಜಾಗ ಕೊಡುವುದು, ಬಿಡಿಸುವುದು, ಬೆರಳು ಮುಟ್ಟಿದ ಬಿಂದು ಯಾವ ಮಗುವಿಗೆ ಸೇರಿದ್ದು ಎಂದು ಹುಡುಕುವುದು, ಎಲ್ಲವನ್ನೂ ನಾವೇ ಬರೆಯಬೇಕಾಗುತ್ತದೆ. ಉತ್ಪನ್ನಕ್ಕೆ ಆ ಕೋಡಿನ ಅಗತ್ಯವೇ ಇರಲಿಲ್ಲ, ರ್‍ಯಾಪ್ ಎಂಬ ವಿಜೆಟ್ ಆ ಕೆಲಸ ಮಾಡುತ್ತದೆ. ಆದರೂ ಅದಾದ ಮೇಲೆ ಲೇಔಟ್ ದೋಷ ಬಂದರೆ ಕಂಟೇನರ್‌ಗಳನ್ನು ಅಲ್ಲಿ ಇಲ್ಲಿ ಸುತ್ತಿ ಪ್ರಯತ್ನಿಸುವ ಅಭ್ಯಾಸ ಹೋಯಿತು. ಯಾರು ಯಾರಿಗೆ ಯಾವ ಮಿತಿ ಕೊಟ್ಟರು ಎಂದು ಮರದ ಉದ್ದಕ್ಕೂ ಕೇಳಿಕೊಂಡು ಇಳಿಯುತ್ತೇನೆ, ದೋಷ ಸಿಗುತ್ತದೆ.

ಫ್ಲಟರ್ ಒಳಗೆ ಇಟ್ಟುಕೊಳ್ಳುವ ವಿಜೆಟ್, ಎಲಿಮೆಂಟ್, ರೆಂಡರ್‌ಆಬ್ಜೆಕ್ಟ್ ಎಂಬ ಮೂರು ಮರಗಳ ವಿಷಯವೂ ಆಗಲೇ ನೆಲೆಗೆ ಬಂತು. ವಿಜೆಟ್ ಎಂಬುದು ಬರಿಯ ವಿವರಣೆ, ಪ್ರತಿ ಬಿಲ್ಡ್‌ನಲ್ಲೂ ಹೊಸದಾಗಿ ಹುಟ್ಟಿ ಸಾಯುತ್ತದೆ. ಬದುಕಿರುವುದು ಎಲಿಮೆಂಟ್. ಹಳೆಯ ಎಲಿಮೆಂಟಿಗೆ ಹೊಸ ವಿಜೆಟ್ ಹೊಂದುತ್ತದೆಯೇ ಎಂಬುದನ್ನು ಫ್ಲಟರ್ ನೋಡುವುದು ಎರಡೇ ಅಂಶದಿಂದ: ಅದರ ಟೈಪು ಮತ್ತು ಕೀ (ನಾವು ಕೊಡುವ ಗುರುತು). ಪಟ್ಟಿಯ ಮೊದಲ ಸಾಲನ್ನು ಅಳಿಸಿದರೆ ಅದರಲ್ಲಿ ಹಾಕಿದ್ದ ಟಿಕ್ ಗುರುತು ಎರಡನೇ ಸಾಲಿಗೆ ಅಂಟಿಕೊಳ್ಳುವ ಭೂತಚೇಷ್ಟೆಗೆ ಕಾರಣ ಇದು. ಪ್ರತಿ ಸಾಲಿಗೂ ಅದರ ಐಡಿಯನ್ನೇ ಕೀ ಮಾಡಿದರೆ ಭೂತ ಬಿಡುತ್ತದೆ.

ಸ್ಟೇಟ್ ಮ್ಯಾನೇಜ್‌ಮೆಂಟ್ ಬಗ್ಗೆ ಒಂದೇ ಮಾತು. ಯಾವ ಪ್ಯಾಕೇಜೂ ಇಲ್ಲದೆ ಮರದ ಕೆಳಗಿನವರಿಗೆ ಡೇಟಾ ತಲುಪಿಸುವ ಇನ್‌ಹೆರಿಟೆಡ್ ವಿಜೆಟ್ಟಿನ ಮೇಲೆ ಒಂದು ಪುಟ್ಟ ಪ್ರೊವೈಡರ್ ಬರೆದು ನೋಡಿ. ಆಮೇಲೆ ತಂಡ ಯಾವುದನ್ನು ಬಳಸುತ್ತದೋ ಅದನ್ನು ಬಳಸಿ. ಈ ವಿಷಯಕ್ಕೆ ನಡೆಯುವಷ್ಟು ಜಗಳಕ್ಕೆ ಇದು ಅರ್ಹವಲ್ಲ.

ಅಳೆಯದೆ ವೇಗದ ಮಾತು ಬೇಡ

60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡು, 120 ಹರ್ಟ್ಸ್‌ನಲ್ಲಿ ಅದರ ಅರ್ಧ. ಡೀಬಗ್ ಮೋಡ್‌ನಲ್ಲಿ ಓಡಿಸಿ ಆಪ್ ತೊದಲುತ್ತದೆ ಎಂದು ಫ್ಲಟರನ್ನು ಬೈಯುವುದು, ಕುಣಿಯಲು ಬಾರದವಳು ನೆಲ ಡೊಂಕು ಎಂದಂತೆ. ಡೀಬಗ್‌ನಲ್ಲಿ ಡಾರ್ಟ್ ಕೋಡು ಓಡುತ್ತಿರುವಾಗಲೇ ಕಂಪೈಲ್ ಆಗುತ್ತಿರುತ್ತದೆ, ಅಸರ್ಟ್‌ಗಳೆಂಬ ತಪಾಸಣೆಗಳೆಲ್ಲ ಎಚ್ಚರವಾಗಿರುತ್ತವೆ. ಅಳತೆಗೆ ಇರುವುದು ಪ್ರೊಫೈಲ್ ಮೋಡ್. ಅದನ್ನೂ ಎಮ್ಯುಲೇಟರ್‌ನಲ್ಲಲ್ಲ, ಕೈಗೆ ಸಿಕ್ಕ ಅತಿ ದುರ್ಬಲ ಫೋನಿನಲ್ಲಿ ಓಡಿಸುತ್ತೇನೆ. ನನ್ನ ಪರೀಕ್ಷೆಯ ಫೋನ್ ಹಳೆಯದು, ಕಡಿಮೆ ಮೆಮೊರಿಯದು. ಅದರಲ್ಲಿ ನುಣುಪಾಗಿ ಓಡಿದ್ದು ಬೇರೆಲ್ಲೂ ತೊದಲುವುದು ಅಪರೂಪ.

ಡೆವ್‌ಟೂಲ್ಸ್ ಎಂಬ ಅಳತೆಯ ಉಪಕರಣ ತೋರಿಸುವ ಫ್ರೇಮ್ ಗ್ರಾಫಿನಲ್ಲಿ ಮೊದಲು ನೋಡುವುದು ತಡವಾದದ್ದು ಯುಐ ಥ್ರೆಡ್ಡೋ ರಾಸ್ಟರ್ ಥ್ರೆಡ್ಡೋ ಎಂಬುದನ್ನು. ಯುಐ ಕಡೆ ತಡವಾದರೆ ನನ್ನ ಡಾರ್ಟ್ ಕೋಡು ಹೆಚ್ಚು ಕೆಲಸ ಮಾಡುತ್ತಿದೆ. ರಾಸ್ಟರ್ ಕಡೆ ತಡವಾದರೆ ಬಿಡಿಸಲು ಕೊಟ್ಟದ್ದೇ ಭಾರ: ಮಬ್ಬು ಪರಿಣಾಮ, ಒಂದರ ಮೇಲೊಂದು ಪಾರದರ್ಶಕ ಪದರ, ದೊಡ್ಡ ಚಿತ್ರ.

ಚಿತ್ರಗಳ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡುವುದು ಒಳ್ಳೆಯದು. 4000×3000 ಪಿಕ್ಸೆಲ್‌ನ ಫೋಟೋ ಫೈಲಾಗಿ ಎರಡು ಮೂರು ಎಂಬಿ ಇರಬಹುದು. ಆದರೆ ಪರದೆಗೆ ಬರಲು ಬಿಚ್ಚಿದಾಗ ಪಿಕ್ಸೆಲ್ಲಿಗೆ 4 ಬೈಟಿನಂತೆ 48 ಎಂಬಿ ಆಗುತ್ತದೆ. ಫ್ಲಟರ್‌ನ ಚಿತ್ರಗಳ ಕ್ಯಾಶ್ (ಬಿಚ್ಚಿದ ಚಿತ್ರಗಳನ್ನು ಇಟ್ಟುಕೊಳ್ಳುವ ಜಾಗ) ಮಿತಿ ತಾನಾಗಿ 100 ಎಂಬಿ. ಅಂದರೆ ಅಂಥ ಎರಡು ಚಿತ್ರಕ್ಕೆ ಕ್ಯಾಶ್ ತುಂಬಿತು, ಮೂರನೆಯದು ಬಂದಾಗ ಮೊದಲನೆಯದು ಹೊರಗೆ, ಮೇಲೆ ಸರಿಸಿದರೆ ಮತ್ತೆ ಬಿಚ್ಚಬೇಕು. ಇಷ್ಟೆಲ್ಲ ಹೆಬ್ಬೆರಳಿನಷ್ಟು ಚಿತ್ರ ತೋರಿಸಲು! ಕ್ಯಾಶ್‌ವಿಡ್ತ್ ಅನ್ನು 300 ಎಂದು ಕೊಟ್ಟರೆ ಅದೇ ಚಿತ್ರ 0.27 ಎಂಬಿಗೆ ಇಳಿಯುತ್ತದೆ. ಪಟ್ಟಿ ತೊದಲುತ್ತದೆ ಎಂದು ನನ್ನ ಬಳಿ ಬಂದ ದೂರುಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿದಿವೆ.

ಇನ್ನೊಂದು ತಪ್ಪು ತಿಳಿವಳಿಕೆ ಅವೇಟ್ ಬಗ್ಗೆ, ಅಂದರೆ ಫಲಿತಾಂಶ ಬರುವ ತನಕ ಕಾಯಿ ಎನ್ನುವ ಡಾರ್ಟ್‌ನ ಪದದ ಬಗ್ಗೆ. ಅವೇಟ್ ಎಂದು ಬರೆದ ಮಾತ್ರಕ್ಕೆ ಕೆಲಸ ಬೇರೆ ಥ್ರೆಡ್ಡಿಗೆ ಹೋಗುವುದಿಲ್ಲ. ನೆಟ್‌ವರ್ಕ್‌ಗೆ ಕಾಯುವಾಗ ಪರದೆ ಆಡುತ್ತಿರುತ್ತದೆ, ಏಕೆಂದರೆ ಕಾಯುವುದು ಕೆಲಸವಲ್ಲ. ಬಂದ ದೊಡ್ಡ ಜೇಸನ್ (ಸರ್ವರ್ ಕಳಿಸುವ ಡೇಟಾದ ಪಠ್ಯರೂಪ) ಅನ್ನು ಪಾರ್ಸ್ ಮಾಡುವುದು ಕೆಲಸ. ಅದು ಪರದೆ ನೋಡಿಕೊಳ್ಳುವ ಅದೇ ಐಸೊಲೇಟಿನಲ್ಲಿ (ಡಾರ್ಟ್ ಕೋಡು ಓಡುವ ಪ್ರತ್ಯೇಕ ಘಟಕ) ನಡೆದರೆ ಅಷ್ಟು ಹೊತ್ತು ಫ್ರೇಮುಗಳು ಬೀಳುತ್ತವೆ. ಐಸೊಲೇಟ್ ರನ್ ಬಳಸಿ ಹೊರಗೆ ಕಳಿಸಬಹುದು, ಆದರೆ ಐಸೊಲೇಟ್‌ಗಳು ಮೆಮೊರಿ ಹಂಚಿಕೊಳ್ಳುವುದಿಲ್ಲ, ಹೊಸದನ್ನು ಎಬ್ಬಿಸುವುದಕ್ಕೂ ಖರ್ಚಿದೆ. ಸಣ್ಣ ಜೇಸನ್‌ಗೆ ಇದನ್ನು ಮಾಡಿದರೆ ನಷ್ಟವೇ.

ಮೊದಲ ಸಲ ಓಡಿದಾಗ ಮಾತ್ರ ಅನಿಮೇಷನ್ ಎಡವುತ್ತಿದ್ದ ಹಳೆಯ ಕಾಯಿಲೆಯ ಮೂಲ ಶೇಡರ್‌ಗಳು (ಚಿತ್ರ ಬಿಡಿಸಲು ಜಿಪಿಯು ಓಡಿಸುವ ಪುಟ್ಟ ಪ್ರೋಗ್ರಾಂಗಳು): ಫ್ಲಟರ್‌ನ ಹಳೆಯ ಚಿತ್ರಣ ಎಂಜಿನ್ ಸ್ಕಿಯಾ ಅವನ್ನು ಬೇಕಾದ ಕ್ಷಣದಲ್ಲಿ ಕಂಪೈಲ್ ಮಾಡುತ್ತಿತ್ತು. ಇಂಪೆಲರ್ ಎಂಜಿನ್ ಅವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತದೆ. 2023ರ ಫ್ಲಟರ್ 3.10ರಿಂದ ಐಓಎಸ್‌ನಲ್ಲಿ ಅದೇ ಪೂರ್ವನಿಯೋಜಿತ.

ಕೆಳಗಿನ ಮಹಡಿ

ನನಗೆ ಅತಿ ಹೆಚ್ಚು ಕಲಿಸಿದ್ದು ಒಂದು ಪ್ಲಗಿನ್, ಅಂದರೆ ಡಾರ್ಟ್ ಕೋಡನ್ನು ಫೋನಿನ ಸ್ವಂತ ಸೌಲಭ್ಯಗಳಿಗೆ ಜೋಡಿಸುವ ತುಂಡು. ಹಿನ್ನೆಲೆಯಲ್ಲಿ ಬಳಕೆದಾರರ ಸ್ಥಳ ದಾಖಲಿಸುವ ಅಗತ್ಯವಿತ್ತು. ಸಿದ್ಧ ಪ್ಯಾಕೇಜು ತಂದು ಹಾಕಬಹುದಿತ್ತು. ಬದಲಿಗೆ ಆಂಡ್ರಾಯ್ಡ್ ಕಡೆ ಕಾಟ್ಲಿನ್‌ನಲ್ಲಿ, ಐಓಎಸ್ ಕಡೆ ಸ್ವಿಫ್ಟ್‌ನಲ್ಲಿ ನಾನೇ ಬರೆದೆ. ಅದಕ್ಕೂ ಮೊದಲು ಫ್ಲಟರ್ ಇಲ್ಲದೆ, ಎರಡೂ ಕಡೆ ಶುದ್ಧ ನೇಟಿವ್ ಆಪ್ (ಆಯಾ ಪ್ಲಾಟ್‌ಫಾರಂನ ಸ್ವಂತ ಭಾಷೆಯಲ್ಲೇ ಬರೆದದ್ದು) ಮಾಡಿ ಸ್ಥಳ ಬರುತ್ತದೆಯೇ ನೋಡಿಕೊಂಡೆ. ಈ ಕ್ರಮ ಮುಖ್ಯ. ಮೂರು ಪದರ ಒಟ್ಟಿಗೆ ಹೊಸದಾದರೆ ತಪ್ಪು ಯಾವ ಪದರದ್ದು ಎಂದೇ ತಿಳಿಯುವುದಿಲ್ಲ.

ಎರಡು ಪ್ಲಾಟ್‌ಫಾರಂಗಳ ಆಲೋಚನಾಕ್ರಮ ಎಷ್ಟು ಬೇರೆ ಎಂಬುದು ಇಲ್ಲಿ ಕಾಣಿಸಿತು. ಆಂಡ್ರಾಯ್ಡ್‌ನಲ್ಲಿ ಫೋರ್‌ಗ್ರೌಂಡ್ ಸರ್ವೀಸ್ (ಪರದೆ ಮುಂದಿಲ್ಲದಾಗಲೂ ಓಡುವ ಆಪಿನ ಭಾಗ) ಬೇಕು, ಅದರ ಜೊತೆ ಕಣ್ಣಿಗೆ ಕಾಣುವ ನೋಟಿಫಿಕೇಷನ್ ಬೇಕು. ಹಿನ್ನೆಲೆಯ ಸ್ಥಳಕ್ಕೆ ಆಂಡ್ರಾಯ್ಡ್ 10ರಿಂದ ಪ್ರತ್ಯೇಕ ಅನುಮತಿ. 11ರಿಂದ ಅದನ್ನು ಸಾಮಾನ್ಯ ಅನುಮತಿಯ ಪೆಟ್ಟಿಗೆಯಲ್ಲೇ ಕೇಳುವಂತಿಲ್ಲ, ಬಳಕೆದಾರರು ಸೆಟ್ಟಿಂಗ್ಸ್‌ಗೆ ಹೋಗಿ ಒಪ್ಪಬೇಕು. 14ರಿಂದ ಸರ್ವೀಸ್ ಯಾವ ಬಗೆಯದು ಎಂದು ಮ್ಯಾನಿಫೆಸ್ಟ್ ಎಂಬ ಆಪಿನ ಘೋಷಣೆಯ ಫೈಲಿನಲ್ಲಿ ಹೇಳಲೇಬೇಕು. ಐಓಎಸ್‌ನಲ್ಲಿ ಸರ್ವೀಸ್ ಎಂಬ ಕಲ್ಪನೆಯೇ ಇಲ್ಲ. ಹಿನ್ನೆಲೆಯಲ್ಲಿ ಏನು ಮಾಡುತ್ತೇವೆ ಎಂದು ಮೊದಲೇ ಘೋಷಿಸಬೇಕು. ದೊಡ್ಡ ಅಂತರ ಸರಿದಾಗ ಮಾತ್ರ ಎಬ್ಬಿಸು ಎಂದು ಕೇಳಿಕೊಂಡಿದ್ದರೆ, ತಾನೇ ಮುಗಿಸಿದ್ದ ಆಪನ್ನು ಕೂಡ ವ್ಯವಸ್ಥೆ ಮತ್ತೆ ಎಬ್ಬಿಸುತ್ತದೆ. ಇವೆರಡನ್ನೂ ಒಂದೇ ಡಾರ್ಟ್ ಫಂಕ್ಷನ್ನಿನ ಹಿಂದೆ ಅಡಗಿಸುವ ಆಸೆ ಬೇಡ. ನಾನು ಸಾಮಾನ್ಯ ಭಾಗವನ್ನು ಒಂದು ಇಂಟರ್ಫೇಸಿನಲ್ಲಿಟ್ಟು, ಬೇರೆಯಾಗುವುದನ್ನು ಬೇರೆಯಾಗಿಯೇ ತೋರಿಸಿದೆ. ಅನುಮತಿ ಕೇಳುವ ಪರದೆಗಳು ಎರಡು ಫೋನಿನಲ್ಲಿ ಎರಡು ಬಗೆಯಾದವು. ಹಾಗೇ ಇರಬೇಕು.

ಡಾರ್ಟ್ ಮತ್ತು ನೇಟಿವ್ ಕೋಡಿನ ನಡುವಿನ ಸೇತುವೆಯ (ಮೆಥಡ್ ಚಾನೆಲ್) ಮೇಲಿನ ಸಣ್ಣ ವಿವರಗಳೇ ಹೆಚ್ಚು ಕಾಡುತ್ತವೆ. ಡಾರ್ಟ್‌ನ ಇಂಟ್ (ಪೂರ್ಣಾಂಕ) ಮೆಥಡ್ ಚಾನೆಲ್ ದಾಟಿ ಆಂಡ್ರಾಯ್ಡ್ ಸೇರುವಾಗ 32 ಬಿಟ್‌ಗೆ ಹಿಡಿಸಿದರೆ ಇಂಟಿಜರ್ ಆಗುತ್ತದೆ, ಹಿಡಿಸದಿದ್ದರೆ ಲಾಂಗ್. ಮಿಲಿಸೆಕೆಂಡಿನ ಟೈಮ್‌ಸ್ಟ್ಯಾಂಪ್ ಸದಾ ಲಾಂಗ್ ಆಗಿ ಬರುತ್ತದೆ. ಅದೇ ಜಾಗದಲ್ಲಿ ಸೊನ್ನೆ ಕಳಿಸಿದ ದಿನ ಇಂಟಿಜರ್ ಬಂದು, ಲಾಂಗ್ ಎಂದು ಕಾಸ್ಟ್ ಮಾಡಿದ ಸಾಲಿನಲ್ಲಿ ಆಪ್ ಬೀಳುತ್ತದೆ. ಪಿಜನ್ ಎಂಬ ಉಪಕರಣ ಎರಡೂ ಕಡೆಯ ಕೋಡನ್ನು ಟೈಪ್ ಸಮೇತ ಹುಟ್ಟಿಸುತ್ತದೆ, ಈಗ ಅದನ್ನೇ ಬಳಸುತ್ತೇನೆ. ಆದರೂ ಮೊದಲ ಪ್ಲಗಿನ್ನನ್ನು ಕೈಯಲ್ಲೇ ಬರೆಯಿರಿ ಎನ್ನುತ್ತೇನೆ. ಪಿಜನ್ ಯಾವ ನೋವು ತಪ್ಪಿಸುತ್ತಿದೆ ಎಂದು ಗೊತ್ತಿರಬೇಕು. ಹಾಗೆಯೇ ಥ್ರೆಡ್ ವಿಷಯ: ಸ್ಥಳದ ಕಾಲ್‌ಬ್ಯಾಕ್ ಬೇರೆ ಥ್ರೆಡ್ಡಿನಲ್ಲಿ ಬಂದರೆ ಅಲ್ಲಿಂದಲೇ ಡಾರ್ಟ್‌ಗೆ ಕಳಿಸುವಂತಿಲ್ಲ, ಮುಖ್ಯ ಥ್ರೆಡ್ಡಿಗೆ ತಂದು ಕಳಿಸಬೇಕು. ಫ್ಲಟರ್ 3.29ರಿಂದ ಮೊಬೈಲ್‌ನಲ್ಲಿ ಡಾರ್ಟ್ ಕೋಡು ಕೂಡ ಆ ಮುಖ್ಯ ಥ್ರೆಡ್ಡಿನಲ್ಲೇ ಓಡುತ್ತದೆ. ಹಾಗಾಗಿ ಯಾವುದೋ ಪ್ಲಗಿನ್ ಕಾಟ್ಲಿನ್ ಬದಿಯಲ್ಲಿ ಮುಖ್ಯ ಥ್ರೆಡ್ ಹಿಡಿದು ಕೂತರೆ ನಿಮ್ಮ ಅನಿಮೇಷನ್ನೂ ನಿಲ್ಲುತ್ತದೆ, ಡಾರ್ಟ್ ಕೋಡಿನಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ.

ಕೆಳಗಿನ ಮಹಡಿ ಗೊತ್ತಿದ್ದರೆ ಮೇಲಿನ ಬದಲಾವಣೆಗಳೂ ಅರ್ಥವಾಗುತ್ತವೆ. ಬಳಕೆದಾರರು ಹಿಂದೆ ಹೋಗುವುದನ್ನು ತಡೆಯಲು ಫ್ಲಟರ್‌ನಲ್ಲಿದ್ದ ವಿಲ್‌ಪಾಪ್‌ಸ್ಕೋಪ್ ಹೋಗಿ ಪಾಪ್‌ಸ್ಕೋಪ್ ಬಂದಾಗ ಹಲವರು ಸುಮ್ಮನೆ ಹೆಸರು ಬದಲಿಸಿದ್ದಾರೆ ಎಂದು ಗೊಣಗಿದರು. ಆಂಡ್ರಾಯ್ಡ್‌ನ ಹೊಸ ಬ್ಯಾಕ್ ಸನ್ನೆಯಲ್ಲಿ ಬೆರಳು ಎಳೆಯುತ್ತಿರುವಾಗಲೇ ಹಿಂದಿನ ಪರದೆ ಇಣುಕುತ್ತದೆ. ಅದಕ್ಕೆ "ಹಿಂದೆ ಹೋಗಬಹುದೇ" ಎಂಬ ಉತ್ತರ ಸನ್ನೆಗೆ ಮೊದಲೇ ಸಿದ್ಧವಿರಬೇಕು. ಸನ್ನೆ ಮುಗಿದ ಮೇಲೆ ಯೋಚಿಸಿ ಹೇಳುವ ಹಳೆಯ ಎಪಿಐ ಅಲ್ಲಿಗೆ ಹೊಂದುತ್ತಿರಲಿಲ್ಲ. ಎಐ ಸಹಾಯಕಗಳು ಇಂದಿಗೂ ಹಳೆಯದನ್ನೇ ಬರೆದುಕೊಡುವುದುಂಟು, ನೋಡಿ ತೆಗೆದುಕೊಳ್ಳಿ.

ಪ್ರಾಸೆಸ್ ಸಾವು ಎಂಬುದು ಕ್ರಾಸ್-ಪ್ಲಾಟ್‌ಫಾರಂ ಪಾಠಗಳಲ್ಲಿ ಸಿಗದ ಅಧ್ಯಾಯ. ಬಳಕೆದಾರರು ಅರ್ಧ ಫಾರಂ ತುಂಬಿ, ಕ್ಯಾಮೆರಾ ತೆರೆದು ಫೋಟೋ ತೆಗೆಯಲು ಹೋಗುತ್ತಾರೆ. ಮೆಮೊರಿ ಸಾಲದೆ ಆಂಡ್ರಾಯ್ಡ್ ನಮ್ಮ ಆಪಿನ ಪ್ರಾಸೆಸ್ಸನ್ನು ಕೊಲ್ಲುತ್ತದೆ. ಮರಳಿ ಬಂದರೆ ಖಾಲಿ ಮುಖಪುಟ. ಅಭಿವೃದ್ಧಿ ಮಾಡುವವರ ದುಬಾರಿ ಫೋನಿನಲ್ಲಿ ಇದು ಎಂದೂ ಆಗುವುದಿಲ್ಲ, ಆದ್ದರಿಂದ ಯಾರೂ ನಂಬುವುದಿಲ್ಲ. ಪರೀಕ್ಷೆ ಸುಲಭ: ಹೋಂ ಒತ್ತಿ ಆಪನ್ನು ಹಿನ್ನೆಲೆಗೆ ಕಳಿಸಿ, ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಉಪಕರಣ) ಶೆಲ್‌ನಲ್ಲಿ ಎಎಂ ಕಿಲ್ ಆಜ್ಞೆಗೆ ಪ್ಯಾಕೇಜ್ ಹೆಸರು ಕೊಟ್ಟು ಓಡಿಸಿ, ಇತ್ತೀಚಿನ ಆಪ್‌ಗಳ ಪಟ್ಟಿಯಿಂದ ಮರಳಿ ತೆರೆಯಿರಿ. ಡೆವಲಪರ್ ಆಯ್ಕೆಗಳಲ್ಲಿರುವ "ಆಕ್ಟಿವಿಟಿಗಳನ್ನು ಉಳಿಸಬೇಡ" ಎಂಬುದು ಇದಕ್ಕೆ ಸಮವಲ್ಲ, ಅಲ್ಲಿ ಪ್ರಾಸೆಸ್ ಬದುಕಿರುತ್ತದೆ. ಸತ್ತ ಆಪಿನ ಸ್ಥಿತಿ ಮರಳಿಸುವ ಫ್ಲಟರ್‌ನ ರೆಸ್ಟೋರೇಷನ್ ವ್ಯವಸ್ಥೆಯಲ್ಲಿ ನಾನು ಇಡುವುದು ಯಾವ ಪರದೆ, ಯಾವ ಐಡಿ ಎಂಬಂಥ ಚಿಕ್ಕ ಗುರುತುಗಳನ್ನು ಮಾತ್ರ. ಆ ಮಾಹಿತಿ ಬೈಂಡರ್ (ಆಂಡ್ರಾಯ್ಡ್‌ನ ಪ್ರಾಸೆಸ್‌ಗಳ ನಡುವಿನ ದಾರಿ) ಮೂಲಕ ಹಾದುಹೋಗುತ್ತದೆ, ಅಲ್ಲಿನ ಮಿತಿ ಸುಮಾರು 1 ಎಂಬಿ, ಮೀರಿದರೆ ಆಪ್ ಬೀಳುತ್ತದೆ. ಫಾರಂನ ಒಂದೊಂದು ಪೆಟ್ಟಿಗೆ ತುಂಬಿ ಮುಂದಕ್ಕೆ ಹೋದಾಗಲೂ ಕರಡು ಫೋನಿನಲ್ಲೇ ಇರುವ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹೋಗುತ್ತದೆ. ಐಓಎಸ್ ಕೂಡ ಹೇಳದೆ ಕೊಲ್ಲುತ್ತದೆ, ಅದಕ್ಕೂ ಇದೇ ಮದ್ದು.

ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ) ವಿಷಯವನ್ನೂ ಇದೇ ಮಹಡಿಗೆ ಸೇರಿಸುತ್ತೇನೆ. ಫ್ಲಟರ್ ಪಿಕ್ಸೆಲ್ ಬಿಡಿಸುವುದರಿಂದ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್‌ಗಾಗಲಿ ಐಓಎಸ್‌ನ ವಾಯ್ಸ್‌ಓವರ್‌ಗಾಗಲಿ ಪರದೆಯಲ್ಲಿ ಏನಿದೆ ಎಂದು ತಾನಾಗಿ ಕಾಣುವುದಿಲ್ಲ, ಸೆಮ್ಯಾಂಟಿಕ್ಸ್ ಎಂಬ ಇನ್ನೊಂದು ಮರ ಅದನ್ನು ಹೇಳಬೇಕು. ಐಕಾನ್ ಮೇಲೆ ಬರಿಯ ಗೆಸ್ಚರ್‌ಡಿಟೆಕ್ಟರ್ (ಬೆರಳಿನ ಸ್ಪರ್ಶ ಹಿಡಿಯುವ ವಿಜೆಟ್) ಸುತ್ತಿ ಮಾಡಿದ ಬಟನ್‌ಗೆ ಹೆಸರೇ ಇರುವುದಿಲ್ಲ. ಆಂಡ್ರಾಯ್ಡ್ 14ರಲ್ಲಿ ಅಕ್ಷರ 200 ಪ್ರತಿಶತದವರೆಗೆ ಹಿಗ್ಗುತ್ತದೆ. ಆ ಗಾತ್ರದಲ್ಲಿ ನಿಮ್ಮ ಆಪನ್ನು ಒಮ್ಮೆ ತೆರೆದು ನೋಡಿ.

ಬಿಲ್ಡ್, ಸಹಿ, ಬಿಡುಗಡೆ

ಆಪ್ ಬಿಲ್ಡ್ ಮಾಡುವ ಗ್ರೇಡಲ್ (ಆಂಡ್ರಾಯ್ಡ್‌ಗೆ) ಮತ್ತು ಎಕ್ಸ್‌ಕೋಡ್ (ಐಓಎಸ್‌ಗೆ) ಕಂಡರೆ ಯಾರಿಗೂ ಪ್ರೀತಿಯಿಲ್ಲ, ನನಗೂ ಇಲ್ಲ. ಆದರೆ ಬಿಲ್ಡ್ ಒಡೆದಾಗ ಫ್ಲಟರ್ ಕ್ಲೀನ್ (ಹಳೆಯ ಬಿಲ್ಡ್ ಅಳಿಸುವ ಆಜ್ಞೆ) ಹೊಡೆದು ದೇವರ ಮೇಲೆ ಭಾರ ಹಾಕುವ ಬದಲು, ಗ್ರೇಡಲ್‌ನ ಉದ್ದ ದೋಷಪಟ್ಟಿಯಲ್ಲಿ ಕೊನೆಯ "ಕಾರಣ" ಸಾಲಿನಿಂದ ಮೇಲಕ್ಕೆ ಓದುವ ಅಭ್ಯಾಸ ಮಾಡಿಕೊಂಡೆ. ಪ್ರಮಾಣಪತ್ರ, ಆಪ್ ಐಡಿ, ಪ್ರೊವಿಷನಿಂಗ್ ಪ್ರೊಫೈಲ್ ಈ ಮೂರರ ಸಂಬಂಧವನ್ನು ಒಮ್ಮೆ ಚಿತ್ರ ಬರೆದುಕೊಂಡರೆ ಐಓಎಸ್ ಸಹಿಯ ಭಯ ಹೋಗುತ್ತದೆ. ಪ್ರತಿ ಬಿಡುಗಡೆಯ ಡೀಬಗ್ ಚಿಹ್ನೆಗಳ (ವಿಳಾಸಗಳನ್ನು ಕೋಡಿನ ಹೆಸರುಗಳಿಗೆ ಹೊಂದಿಸುವ) ಫೈಲುಗಳನ್ನು ಆವೃತ್ತಿಯ ಹೆಸರಿನಲ್ಲಿ ಎತ್ತಿಡುತ್ತೇನೆ. ಅವಿಲ್ಲದೆ ಕ್ರ್ಯಾಶ್ ವರದಿ ಬರಿಯ ವಿಳಾಸಗಳ ಸಾಲು.

ಹೊಸ ಆವೃತ್ತಿಯನ್ನು ಒಂದೇ ಸಲ ಎಲ್ಲರಿಗೂ ಬಿಡುವುದಿಲ್ಲ. ಆಪ್ ಸ್ಟೋರ್‌ನ ಹಂತದ ಬಿಡುಗಡೆ 7 ದಿನಗಳಲ್ಲಿ 1 ಪ್ರತಿಶತದಿಂದ 100ಕ್ಕೆ ಏರುತ್ತದೆ, ಪ್ಲೇ ಸ್ಟೋರ್‌ನಲ್ಲಿ ಪ್ರಮಾಣ ನಾವೇ ಹೇಳಬಹುದು.

ದೋಷ ಯಾವ ಪದರದ್ದು?

ಎಲ್ಲ ಪದರಕ್ಕೂ ಇಳಿಯಬೇಕು ಎಂದು ಹೇಳುತ್ತಿಲ್ಲ. ಮೆಟಲ್, ವಲ್ಕನ್ ಎಂಬ ಗ್ರಾಫಿಕ್ಸ್ ಪದರಗಳ ಒಳಗೆ ನಾನು ಹೋಗಿಲ್ಲ, ಹೋಗುವ ಅಗತ್ಯವೂ ಬಂದಿಲ್ಲ. ದೋಷ ಯಾವ ಪದರದಲ್ಲಿದೆ ಎಂದು ಗುರುತಿಸಲು ಬಂದರೆ ಅಲ್ಲಿಗೆ ಬೇಕಾದಷ್ಟನ್ನು ಆಗ ಓದಬಹುದು. ಫ್ರೇಮ್‌ವರ್ಕಿನ ಮೂಲ ಕೋಡು ಎಡಿಟರ್‌ನಲ್ಲೇ ಒಂದು ಕ್ಲಿಕ್ಕಿನ ದೂರದಲ್ಲಿದೆ, ಫ್ಲಟರ್‌ನ ಕೋಡಿನಲ್ಲಿ ಟಿಪ್ಪಣಿಗಳೂ ಧಾರಾಳ.

ಗುರುತಿಸಲು ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಎರಡೂ ಪ್ಲಾಟ್‌ಫಾರಂನಲ್ಲಿ ಆಗುತ್ತಿದೆಯೇ? ಎರಡರಲ್ಲೂ ಆದರೆ ಡಾರ್ಟ್ ಕೋಡು, ಒಂದರಲ್ಲೇ ಆದರೆ ಪ್ಲಗಿನ್ ಅಥವಾ ಓಎಸ್. ಆಪ್ ಹಿನ್ನೆಲೆಗೆ ಹೋಗಿ ಬಂದ ಮೇಲೆ ಮಾತ್ರ ಆಗುತ್ತಿದ್ದರೆ ಲೈಫ್‌ಸೈಕಲ್ (ಆಪ್ ಎದ್ದು ಮಲಗುವ ಹಂತಗಳು). ಹಾಟ್ ರೀಲೋಡ್ (ಆಪ್ ನಿಲ್ಲಿಸದೆ ಹೊಸ ಕೋಡು ತುಂಬುವುದು) ಆದಮೇಲೆ ಸರಿ, ಹೊಸದಾಗಿ ಶುರು ಮಾಡಿದರೆ ತಪ್ಪು ಎಂದಾದರೆ ಇನಿಟ್‌ಸ್ಟೇಟ್ (ವಿಜೆಟ್‌ನ ಸ್ಟೇಟ್ ಹುಟ್ಟುವಾಗ ಒಮ್ಮೆ ಓಡುವ ಫಂಕ್ಷನ್) ಕಡೆ ನೋಡುತ್ತೇನೆ, ಏಕೆಂದರೆ ರೀಲೋಡ್ ಅದನ್ನು ಮತ್ತೆ ಓಡಿಸುವುದಿಲ್ಲ. ಒಂದೇ ತಯಾರಕರ ಫೋನುಗಳಲ್ಲಿ ನೋಟಿಫಿಕೇಷನ್ ಬಾರದಿದ್ದರೆ ಅವರ ಬ್ಯಾಟರಿ ಉಳಿಸುವ ವ್ಯವಸ್ಥೆಯ ಮೇಲೆ ಗುಮಾನಿ.

ರಿಲೀಸ್ ಬಿಲ್ಡ್‌ನಲ್ಲಿ (ಬಳಕೆದಾರರಿಗೆ ಹೋಗುವ ಆವೃತ್ತಿ) ಮಾತ್ರ ಕಾಣುವ ದೋಷಗಳ ಗುಂಪೇ ಬೇರೆ. ಅಸರ್ಟ್ ಒಳಗೆ ಬರೆದ ಕೋಡು ರಿಲೀಸ್‌ನಲ್ಲಿ ಓಡುವುದೇ ಇಲ್ಲ. ಆಂಡ್ರಾಯ್ಡ್‌ನ ಕೋಡು ಕುಗ್ಗಿಸುವ ಉಪಕರಣ ಆರ್8 ಬಳಕೆಯಾಗದ ಕ್ಲಾಸ್ ಎಂದು ತಿಳಿದು, ರಿಫ್ಲೆಕ್ಷನ್ (ಆಪ್ ಓಡುವಾಗ ಹೆಸರಿನಿಂದ ಹುಡುಕುವುದು) ಮೂಲಕ ಬಳಸುತ್ತಿದ್ದುದನ್ನೂ ಕತ್ತರಿಸಿರುತ್ತದೆ. ಇನ್ನು ಆಂಡ್ರಾಯ್ಡ್‌ನಲ್ಲಿ ಡೀಬಗ್‌ನಲ್ಲಿ ಚೆನ್ನಾಗಿದ್ದ ಆಪ್ ರಿಲೀಸ್‌ನಲ್ಲಿ ಸರ್ವರ್‌ಗೆ ಮಾತೇ ಆಡದಿದ್ದರೆ ಮೊದಲು ಮುಖ್ಯ ಮ್ಯಾನಿಫೆಸ್ಟ್ ತೆರೆಯುತ್ತೇನೆ. ಹೊಸ ಫ್ಲಟರ್ ಪ್ರಾಜೆಕ್ಟ್ ಹುಟ್ಟುವಾಗ ಇಂಟರ್‌ನೆಟ್ ಅನುಮತಿ ಡೀಬಗ್ ಮತ್ತು ಪ್ರೊಫೈಲ್ ಮ್ಯಾನಿಫೆಸ್ಟ್‌ಗಳಲ್ಲಿ ಮಾತ್ರ ಇರುತ್ತದೆ. ಮುಖ್ಯದಲ್ಲಿ ಆ ಒಂದು ಸಾಲನ್ನು ನಾವೇ ಸೇರಿಸಬೇಕು.